ಬಂಡೆಯ ಮೇಲಣ ಸಂಸಾರ

ರಂಗನತಿಟ್ಟಿಗೆ ಹೋಗಿ ಬಂದವರೆಲ್ಲರೂ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಬಾಯಿ ತೆರೆದು ಮಲಗಿದ ಮೊಸಳೆ ಇವನ್ನೇ ಬಣ್ಣಿಸುವರು. ಕಳೆದ ಏಪ್ರಿಲಿನಲ್ಲಿ ಸಹಪಾಠಿಗಳೊಡನೆ ಹೋದ ನಾನೂ ಅವನ್ನೆಲ್ಲ ಕಂಡೆ. ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ರೀವವೆಂಬ ಹಕ್ಕಿ.

ಬೂದುಬಣ್ಣದ ಮೈ, ಕರಿಯ ಟೊಪ್ಪಿಗೆಯಿಟ್ಟಂಥ ತಲೆ, ಹಳದಿ ಕೊಕ್ಕು, ಕೆಂಪು ಕಾಲು, ಕವಲೊಡೆದ ಬಾಲ. ಇದು ಮರದಲ್ಲಿ ಗೂಡು ಕಟ್ಟುವುದಿಲ್ಲ. ಬೇಸಿಗೆಯಲ್ಲಿ ಹೊಳೆ ಇಳಿದು ಬಂಡೆಯೂ ಮರಳೂ ತಲೆಯೆತ್ತಿದಾಗ, ಬರಿ ನೆಲದ ಮೇಲೆಯೇ ಎರಡು ಮೂರು ಮೊಟ್ಟೆಯಿಡುತ್ತದೆ. ದೋಣಿಯವರು ಬೆರಳು ಮಾಡಿ ತೋರಿಸಿದರೂ ಆ ಚುಕ್ಕೆಚುಕ್ಕೆಯ ಮೊಟ್ಟೆಗಳನ್ನು ಕಲ್ಲಿನಿಂದ ಬೇರ್ಪಡಿಸಿ ಕಾಣಲು ನನಗೆ ಬಹಳ ಹೊತ್ತು ಹಿಡಿಯಿತು. ಕಂಡ ಮೇಲೆ ಕಣ್ಣು ಕೀಳಲಾಗಲಿಲ್ಲ. ತಾಯಿಯೋ ತಂದೆಯೋ (ಇಬ್ಬರೂ ಕಾವು ಕೊಡುತ್ತಾರೆ) ನೀರಿಗೆ ಎದೆಯದ್ದಿ ಬಂದು ಮೊಟ್ಟೆಯ ಮೇಲೆ ಕುಳಿತಿತು. ಬಿಸಿಲಿಗೆ ಬೇಯದಿರಲೆಂದು ಇರಬೇಕು.

ಇಷ್ಟು ತೆರೆದ ಜಾಗವೇಕೆ? ಸುತ್ತಣ ನೀರೇ ಕೋಟೆಯ ಕಂದಕವಾದ್ದರಿಂದ. ಈ ತಿಟ್ಟುಗಳೂ ನೀರಿನ ಉಪಕಾರವೇ; 17ನೆಯ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಅಣೆಯಿಂದ ಉಂಟಾದವು. ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನವು 1940ರಲ್ಲಿ ಇದನ್ನು ಪಕ್ಷಿಧಾಮವಾಗಿಸಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು.

ಆದರೆ ಮೇಲ್ಗಡೆ ಕನ್ನಂಬಾಡಿ ಕಟ್ಟೆಯಿದೆ. ನದಿ ತೀರ ಬತ್ತಿದರೆ ನಾಯಿಗಳು ದಾಟಿ ಬರುತ್ತವೆ. ಒಮ್ಮೆಲೇ ಏರಿದರೆ ಮೊಟ್ಟೆಗಳು ಕೊಚ್ಚಿಹೋಗುತ್ತವೆ. ಮರದ ಮೇಲಣ ಕೊಕ್ಕರೆಗೆ ಒಂದು ಮೊಳ ನೀರು ಲೆಕ್ಕವಲ್ಲ. ರೀವಕ್ಕೆ ಒಂದು ಗೇಣೇ ಪ್ರಳಯ.

ನನ್ನ ಸಂಕಟ ಇರುವುದು ಇಲ್ಲಿಯೇ. ಅಣೆಯ ಕೆಳಗಣ ಹಳೆಯ ನಾಲೆಯ ತುದಿಯಲ್ಲಿ ನಮ್ಮ ಗದ್ದೆಯಿದೆ. ಬೇಸಿಗೆ ಭತ್ತ ಹಾಲುಗಟ್ಟುವಾಗ ಅಪ್ಪ ನನ್ನಿಂದ ಪತ್ರಿಕೆ ಓದಿಸಿ, ನೀರು ಬಿಟ್ಟರೇ ಎಂದು ನಿತ್ಯವೂ ಕೇಳುತ್ತಾರೆ. ಆ ನೀರೇ ಈ ಬಂಡೆಗಳ ನಡುವೆ ಹಾದು ಬರಬೇಕು. ಬಿಡಬೇಡಿರೆಂದು ಬರೆಯಲು ನನ್ನ ಕೈ ಏಳದು. ಆದರೆ ಮೊಟ್ಟೆ ಒಡೆದು ಮರಿಯಾಗಲು ಬೇಕಾದದ್ದು ಸುಮಾರು ಮೂರು ವಾರ. ಅಷ್ಟು ದಿನವಾದರೂ ಹಠಾತ್ತನೆ ನುಗ್ಗಿಸದೆ, ಒಂದೇ ಮಟ್ಟದಲ್ಲಿ ನಿಧಾನವಾಗಿ ಹರಿಸಬಹುದಲ್ಲವೆ? ನಾಲೆಯ ತುದಿಗೂ ಅಂಥ ನೀರೇ ಹಿತ.

ಊರಿಗೆ ಹೋದಾಗ ಅಪ್ಪನಿಗೆ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಬಂಡೆ ನೀರಿಂದ ಎಷ್ಟೆತ್ತರ ಐತೆ ಮಗಾ?” ಎಂದರು. ನಾನು ಗೇಣು ಹಿಡಿದು ತೋರಿಸಿದೆ.