ಹೊಸ ರಬ್ಬರ್, ಹಳೇ ಕೈ

ಶುಕ್ರವಾರ ಸಂಜೆ ಪಕ್ಕದ ಮನೆಯ ಹುಡುಗ ಬ್ಯಾಟು ಹಿಡಿದು ಬಂದ. ಭಾನುವಾರ ಬೆಂಗಳೂರಿನಲ್ಲಿ ಅವನ ಟಿಟಿ ಪಂದ್ಯ. ಬ್ಯಾಟಿಗೆ ಅಂದೇ ಹೊಸ ರಬ್ಬರ್ ಅಂಟಿಸಿದ್ದ. ಹಳೆಯದರ ಸ್ಪಾಂಜು 1.8 ಮಿಲಿಮೀಟರ್ ದಪ್ಪ, ಇದು 2.1. “ಅಂಕಲ್, ಸಖತ್ ಸ್ಪೀಡ್ ಇದೆ. ಆದ್ರೆ ಬಾಲೆಲ್ಲ ಟೇಬಲ್ ದಾಟಿ ಹೋಗ್ತಿದೆ. ನಾಳೆಯೊಳಗೆ ಕೈಗೆ ಸೆಟ್ ಆಗ್ಬಿಡುತ್ತೆ ಅಲ್ವಾ?” ಎಂದ. ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಬೀದಿಯಲ್ಲಿ ಒಂದು ಕಾಲಕ್ಕೆ ಟಿಟಿ ಆಡುತ್ತಿದ್ದವನು ನಾನೊಬ್ಬನೇ. ಹಾಗಾಗಿ ಈ ಪ್ರಶ್ನೆಗಳೆಲ್ಲ ನನ್ನ ಬಾಗಿಲಿಗೇ ಬರುತ್ತವೆ.

0.3 ಮಿಲಿಮೀಟರ್ ಅಂದರೆ ಎಷ್ಟು ಮಹಾ? ಅಷ್ಟು ಸ್ಪಾಂಜು ಬ್ಯಾಟಿನ ಒಂದು ಮೈ ತುಂಬ ಹರಡಿದರೆ ಎರಡು-ಮೂರು ಗ್ರಾಂ ತೂಗೀತು, ಹೆಚ್ಚುಕಡಿಮೆ ಒಂದು ಚೆಂಡಿನ ತೂಕ. ಟಿಟಿ ಚೆಂಡು ತೂಗುವುದೇ 2.7 ಗ್ರಾಂ. ಆದರೆ ಈ ತೂಕ ಸೇರುವುದು ಹಿಡಿಯ ಹತ್ತಿರವಲ್ಲ, ಬೀಸುವ ತುದಿಯ ಕಡೆ. ಸುತ್ತುವ ವಸ್ತುವಿನಲ್ಲಿ ದೂರ ಎರಡರಷ್ಟಾದರೆ ಅದೇ ತೂಕವನ್ನು ತಿರುಗಿಸುವ ಕಷ್ಟ ನಾಲ್ಕರಷ್ಟಾಗುತ್ತದೆ. ಇನ್ನು ಚಿಮ್ಮುವ ಲೆಕ್ಕ. ತೆಳು ಸ್ಪಾಂಜಾದರೆ ಜೋರು ಹೊಡೆತಕ್ಕೆ ಪೂರಾ ಅದುಮಿ, ಒಳಗಿನ ಮರವೇ ಚೆಂಡನ್ನು ತಡೆದಂತಾಗುತ್ತದೆ. ದಪ್ಪ ಸ್ಪಾಂಜಿನಲ್ಲಿ ಚೆಂಡು ಇನ್ನಷ್ಟು ಒಳಗಿಳಿದು ಚಿಮ್ಮುತ್ತದೆ. ಮೇಲಿನ ಹೊಸ ರಬ್ಬರಿಗೆ ಹಿಡಿತ ಜಾಸ್ತಿ. ನಾವು ಕೊಡುವ ಸ್ಪಿನ್ನಿಗೆ ಒದಗುವಂತೆ ಎದುರಾಳಿಯ ಸ್ಪಿನ್ನಿಗೂ ಒದಗುತ್ತದೆ. ಅವನ ಟಾಪ್‌ಸ್ಪಿನ್ನನ್ನು ಸುಮ್ಮನೆ ತಡೆದರೂ ಚೆಂಡು ಮೇಲಕ್ಕೆ ನೆಗೆಯುತ್ತದೆ. ಹೊರಡುವ ಕೋನ ಒಂದು ಡಿಗ್ರಿ ಹೆಚ್ಚಾದರೆ ಎರಡೂವರೆ ಮೀಟರ್ ಆಚೆ ಚೆಂಡು ಸುಮಾರು ನಾಲ್ಕೂವರೆ ಸೆಂಟಿಮೀಟರ್ ಮೇಲಿರುತ್ತದೆ. ನೆಟ್ಟಿನ ಎತ್ತರವೇ 15.25 ಸೆಂಟಿಮೀಟರ್.

ಇದೆಲ್ಲ ಬ್ಯಾಟಿನ ಕಥೆ. ನಿಜವಾದ ತೊಡಕು ಕೈಯದು. ರಬ್ಬರು ಚೆಂಡನ್ನು ಮುಟ್ಟಿರುವುದು ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸು. ಬೆರಳಿಗೆ ತಾಗಿದ ಸುದ್ದಿ ಮಿದುಳಿಗೆ ಮುಟ್ಟಿ ವಾಪಸ್ ಆಜ್ಞೆ ಬರುವುದಕ್ಕೆ ಇದರ ಹತ್ತಾರು ಪಟ್ಟು ಸಮಯ ಬೇಕು. ಅಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ಆದ್ದರಿಂದ ಹೊಡೆತದ ನಡುವೆ ತಿದ್ದಿಕೊಳ್ಳುವ ಮಾತೇ ಇಲ್ಲ. ಈ ಕೋನದಲ್ಲಿ ಇಷ್ಟು ಬೀಸಿದರೆ ಚೆಂಡು ಅಲ್ಲಿ ಬೀಳುತ್ತದೆ ಎಂಬ ಲೆಕ್ಕವನ್ನು ಮಿದುಳು ಮೊದಲೇ ಹಾಕಿರಬೇಕು. ಕಿರುಮಿದುಳಿಗೆ ಇದರಲ್ಲಿ ದೊಡ್ಡ ಪಾಲು. ಸಾವಿರಾರು ಹೊಡೆತಗಳಿಂದ ಕಟ್ಟಿಕೊಂಡ ಆ ಲೆಕ್ಕದೊಳಗೆ ಹಳೇ ರಬ್ಬರ್ ಕೂತಿದೆ.

ಲೆಕ್ಕ ತಪ್ಪಿದಾಗಲೆಲ್ಲ ಮಿದುಳು ಅಷ್ಟಷ್ಟೇ ತಿದ್ದುತ್ತದೆ, ಅದೂ ಎರಡು ದಾರಿಯಲ್ಲಿ. ಒಂದು ಬೇಗ ಕಲಿತು ಬೇಗ ಮರೆಯುವುದು, ಇನ್ನೊಂದು ನಿಧಾನವಾಗಿ ಕಲಿತು ಉಳಿಸಿಕೊಳ್ಳುವುದು. ಅರ್ಧ ಗಂಟೆ ಆಡಿದ ಮೇಲೆ “ಸೆಟ್ ಆಯ್ತು” ಅನ್ನಿಸುವುದರಲ್ಲಿ ಬಹುಪಾಲು ಮೊದಲನೆಯದರ ಕೆಲಸ. ರಾತ್ರಿ ಕಳೆದು ಬೆಳಿಗ್ಗೆ ಬಸ್ಸಿನಲ್ಲಿ ಬೆಂಗಳೂರು ಸೇರುವ ಹೊತ್ತಿಗೆ ಅದು ಕರಗಿರುತ್ತದೆ, ಹಳೆಯದು ತಲೆಯೆತ್ತುತ್ತದೆ. 9-9ರ ಸ್ಕೋರಿನಲ್ಲಿ ಕೈ ಹಿಂದುಮುಂದು ನೋಡದೆ ಆಡುವುದು ಹಳೇ ಬ್ಯಾಟಿನ ಆಟ.

ವಿಚಿತ್ರವೆಂದರೆ ವ್ಯತ್ಯಾಸ ಎದ್ದು ಕಾಣುವಂತಿದ್ದರೆ ಕಷ್ಟ ಕಡಿಮೆ. ಬೈಕಿನಿಂದಿಳಿದು ಕಾರು ಹತ್ತಿದರೆ ಯಾರೂ ತಡವರಿಸುವುದಿಲ್ಲ. ಪಕ್ಕದ ಮನೆಯವರ ಸ್ಕೂಟರ್, ನಮ್ಮದೇ ಮಾಡೆಲ್, ಬ್ರೇಕು ಮಾತ್ರ ಕೊಂಚ ಬಿಗಿ: ಮೊದಲ ತಿರುವಿನಲ್ಲೇ ಮುಗ್ಗರಿಸುತ್ತೇವೆ. ನೋಡಲು ಬೇರೆಯಾದರೆ ಮಿದುಳು ಬೇರೆ ಖಾತೆ ತೆರೆಯುತ್ತದೆ. ಒಂದೇ ಥರ ಕಂಡರೆ ಹಳೇ ಖಾತೆಗೇ ಬರೆಯುತ್ತದೆ. ಹುಡುಗನ ಎರಡೂ ರಬ್ಬರು ಕೆಂಪು, ಹಿಡಿಯೂ ಅದೇ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜುಲೈ 30ರಂದು ಚೀನಾದ ವಾಂಗ್ ಚುಚಿನ್, ಸುನ್ ಯಿಂಗ್‌ಶಾ ಜೊತೆ ಮಿಶ್ರ ಡಬಲ್ಸ್ ಚಿನ್ನ ಗೆದ್ದರು. ಸಂಭ್ರಮದ ನೂಕುನುಗ್ಗಲಿನಲ್ಲಿ ಛಾಯಾಗ್ರಾಹಕರೊಬ್ಬರ ಕಾಲಿಗೆ ಸಿಕ್ಕಿ ಅವರ ಬ್ಯಾಟು ಮುರಿಯಿತು. ಆಗ ವಿಶ್ವ ನಂಬರ್ 1 ಆಗಿದ್ದ ವಾಂಗ್ ಮರುದಿನ ಬದಲಿ ಬ್ಯಾಟಿನಲ್ಲಿ ಆಡಿ, ಸ್ವೀಡನ್ನಿನ ಟ್ರೂಲ್ಸ್ ಮೊರೆಗಾರ್ಡ್ ಎದುರು 2-4ರಿಂದ ಸೋತರು. ಅದೇ ತಯಾರಿಕೆಯ ಬ್ಯಾಟಾದರೂ ಮರ ಮರವೇ. ಎರಡು ಹಲಗೆ ಒಂದೇ ಥರ ಚಿಮ್ಮುವುದಿಲ್ಲ. ಹಾಗಂತ ಸೋಲಿಗೆ ಬ್ಯಾಟೇ ಕಾರಣ ಎಂದು ನಾನು ಹೇಳಲಾರೆ. ಮೊರೆಗಾರ್ಡ್ ಅಂದು ಅಷ್ಟು ಚೆನ್ನಾಗಿ ಆಡಿದರು, ಮುಂದೆ ಬೆಳ್ಳಿಯನ್ನೂ ಗೆದ್ದರು.

ಉಲ್ಟಾ ಉದಾಹರಣೆ ನಮ್ಮ ದೇಶದಲ್ಲೇ ಇದೆ. 1952ರಲ್ಲಿ ಮುಂಬೈಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗೆ ಜಪಾನಿನ ಹಿರೋಜಿ ಸಾಟೊ ದಪ್ಪ ಸ್ಪಾಂಜಿನ ಬ್ಯಾಟು ತಂದರು. ಉಳಿದವರ ಕೈಯಲ್ಲಿ ಇದ್ದದ್ದು ಗುಬುಟಿನ ಬರೀ ರಬ್ಬರಿನ ಬ್ಯಾಟು, ಹೊಡೆದರೆ ‘ಟಕ್’ ಎನ್ನುವಂಥದ್ದು. ಸಾಟೊ ಹೊಡೆದರೆ ಸದ್ದೇ ಇಲ್ಲ! ಆ ಸದ್ದಿನಿಂದ ವೇಗ ಅಳೆಯುತ್ತಿದ್ದ ಎದುರಾಳಿಗಳ ಲೆಕ್ಕ ತಲೆಕೆಳಗಾಗಿ ಪ್ರಶಸ್ತಿ ಅವರ ಪಾಲಾಯಿತು. ಬದಲಾದದ್ದು ಅವರ ಬ್ಯಾಟು, ಎಡವಿದ್ದು ಎದುರಿನವರ ಮಿದುಳು. ಸಾಟೊಗೆ ಮಾತ್ರ ಆ ಬ್ಯಾಟು ಶುಕ್ರವಾರ ಕೊಂಡದ್ದಾಗಿರಲಿಲ್ಲ.

ಬ್ಯಾಟು ಹಾಗೇ ಇದ್ದರೂ ಊರು ಬದಲಾದರೆ ಲೆಕ್ಕ ಕೊಂಚ ಸರಿಯುತ್ತದೆ. ಸೆಕೆಂಡಿಗೆ 20 ಮೀಟರ್ ವೇಗದ ಚೆಂಡನ್ನು ಗಾಳಿ ತಡೆಯುವ ಬಲ ಚೆಂಡಿನ ತೂಕದ ನಾಲ್ಕೈದು ಪಟ್ಟು. ಸುಮಾರು 800 ಮೀಟರ್ ಎತ್ತರದ ತುಮಕೂರಿಗಿಂತ ಮಂಗಳೂರಿನ ಗಾಳಿ ದಟ್ಟ, ಸಾಲದ್ದಕ್ಕೆ ರಬ್ಬರಿನ ಮೇಲೆ ತೇವ. ಬೆಂಗಳೂರಾದರೆ ಆ ಚಿಂತೆಯಿಲ್ಲ.

“ಹಳೇದನ್ನ ಬಿಸಾಕಿದ್ಯೇನೋ?” ಎಂದೆ. ಇಲ್ಲ, ಜೋಪಾನವಾಗಿಯೇ ಕಿತ್ತಿದ್ದ. ಅದರ ಬೆನ್ನಿನ ಹಳೇ ಅಂಟನ್ನು ಬೆರಳಿನಿಂದ ಉಜ್ಜಿ ಉಂಡೆ ಮಾಡಿ ತೆಗೆದೆವು. ಹೊಸ ಅಂಟು ಹಾಲಿನ ಬಿಳುಪು ಹೋಗಿ ಗಾಜಿನಂತಾಗುವವರೆಗೆ ಕಾದು ಹಳೇ ರಬ್ಬರನ್ನೇ ಕೂರಿಸಿದೆವು. ಪಂದ್ಯದ ನಡುವೆ ಬ್ಯಾಟು ಬದಲಿಸುವಂತಿಲ್ಲ, ಆಕಸ್ಮಿಕವಾಗಿ ಆಡಲಾರದಷ್ಟು ಹಾಳಾದರೆ ಮಾತ್ರ ಎಂಬ ನಿಯಮವನ್ನೂ ಹೇಳಿ ಕಳಿಸಿದೆ. ಹೊಸದನ್ನು ಪಂದ್ಯ ಮುಗಿದ ಮೇಲೆ ಹಾಕಿ ಮೂರ್ನಾಲ್ಕು ವಾರ ಆಡು ಅಂದೆ.

ಭಾನುವಾರ ರಾತ್ರಿ ಬಂದ. ಎರಡನೇ ಸುತ್ತಿನಲ್ಲಿ ಸೋತಿದ್ದ. “ಬಾಲ್ ಹೊರಗೆ ಹೋಗ್ಲಿಲ್ಲ ಅಂಕಲ್. ಅವನ ಸರ್ವೇ ಅರ್ಥ ಆಗ್ಲಿಲ್ಲ.”