ಬಾಡಿಗೆ ವಾಹನಗಳಲ್ಲಿ ಫಸಲನ್ನು ಸಾಗಿಸುವವರು ತಿಳಿದಿರಬೇಕಾದ ಕಾನೂನು

ಚನ್ನಗಿರಿಯ ಅಡಿಕೆ, ಹೊನ್ನಾಳಿ ನ್ಯಾಮತಿಗಳ ಭತ್ತ, ಜಗಳೂರಿನ ಮೆಕ್ಕೆಜೋಳ ಮತ್ತು ಶೇಂಗಾ ಇವು ಕಣದಲ್ಲಿದ್ದಾಗಲೇ ಹಣವಾಗುವುದಿಲ್ಲ. ದಾವಣಗೆರೆ, ಶಿವಮೊಗ್ಗ ಮೊದಲಾದ ಮಾರುಕಟ್ಟೆಗಳನ್ನು ಸೇರಿದ ಮೇಲೆಯೇ ರೈತನ ವರ್ಷದ ದುಡಿಮೆಗೆ ಬೆಲೆಯು ಬರತಕ್ಕದ್ದು. ಸ್ವಂತ ಲಾರಿಯುಳ್ಳವರು ಕೆಲವರೇ. ಉಳಿದವರು ಬಾಡಿಗೆ ವಾಹನವನ್ನು ನಂಬಿದವರು. ಬಿತ್ತನೆಯಿಂದ ಒಕ್ಕಣೆಯವರೆಗೆ ಹಗಲಿರುಳು ಕಾಯ್ದ ಫಸಲನ್ನು, ಮೂಟೆಗಳ ಎಣಿಕೆಯನ್ನೂ ಬರೆಯಿಸಿಕೊಳ್ಳದೆ, ಬಾಯಿಮಾತಿನ ಮೇಲೆ ಪರರ ವಶಕ್ಕೆ ಕೊಡುವ ರೂಢಿಯು ಇನ್ನೂ ಉಂಟು. ಮಾಲು ಕ್ಷೇಮವಾಗಿ ಸೇರುವವರೆಗೆ ಇದರ ದೋಷವು ಕಾಣದು. ಒಮ್ಮೆ ನಷ್ಟವಾದರೆ ಕೇಳುವುದಕ್ಕೆ ಆಧಾರವೇ ಇರುವುದಿಲ್ಲ.

ಶಾಸನದ ಸ್ವರೂಪ

ಹಿಂದೆ ಈ ವಿಷಯಕ್ಕೆ 1865ರ ಸಾಗಣೆದಾರರ ಶಾಸನವು ಅನ್ವಯಿಸುತ್ತಿದ್ದಿತು. ಅದನ್ನು ರದ್ದುಗೊಳಿಸಿದ 2007ರ ರಸ್ತೆ ಸಾಗಣೆ ಶಾಸನವು 2011ನೆಯ ಇಸವಿ ಮಾರ್ಚಿ 1ರಿಂದ ಜಾರಿಗೆ ಬಂದಿದೆ. ಭೇದವೆಣಿಸದೆ ಎಲ್ಲರ ಮಾಲನ್ನೂ ಬಾಡಿಗೆಗೆ ಮೋಟಾರು ವಾಹನದಲ್ಲಿ ಸಾಗಿಸುವವರೂ, ಅವರ ಪರವಾಗಿ ಮಾಲನ್ನು ಹಿಡಿಯುವ ಏಜೆಂಟರೂ ದಲಾಲರೂ ಸಾರಿಗೆ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ದೈವಾಧೀನವಾದ ಉತ್ಪಾತ, ಯುದ್ಧ, ದಂಗೆ, ಸರ್ಕಾರದ ಜಪ್ತಿ ಮುಂತಾದ ಕಾರಣಗಳ ಹೊರತು ಮಾಲಿನ ನಷ್ಟಕ್ಕೆ ಅವರೇ ಹೊಣೆಗಾರರು. ಅವರ ಅಲಕ್ಷ್ಯವನ್ನು ರೈತನು ರುಜುವಾತುಪಡಿಸಬೇಕಾದ ಅಗತ್ಯವಿಲ್ಲ.

ಬೆಲೆಯನ್ನು ಬರೆಯಿಸುವ ಅಗತ್ಯ

ಆದರೆ ಈ ಹೊಣೆಗೆ ಒಂದು ಮಿತಿಯುಂಟು. ಸಾಮಾನ್ಯವಾಗಿ ಅದು ಬಾಡಿಗೆಯ ಹತ್ತು ಪಟ್ಟನ್ನು ಮೀರದು. ಎರಡು ಲಕ್ಷ ರೂಪಾಯಿಯ ಅಡಿಕೆಯನ್ನು 2,000 ರೂಪಾಯಿ ಬಾಡಿಗೆಗೆ ಕಳುಹಿಸಿದನೆಂದು ಭಾವಿಸೋಣ. ಅದು ಪೂರ್ತಿ ನಷ್ಟವಾದರೂ ದೊರೆಯತಕ್ಕುದು 20,000 ರೂಪಾಯಿ ಮಾತ್ರ. ಮಾಲಿನ ಬೆಲೆಯನ್ನು ಮೊದಲೇ ಬರೆದು ತಿಳಿಸಿ, ಹೆಚ್ಚಿನ ಹೊಣೆಯ ದರವನ್ನು ಕೊಡಲು ಒಪ್ಪಿದವನಿಗೆ ಈ ಮಿತಿಯು ಅಡ್ಡಬಾರದು. ಅಡಿಕೆಯಂತಹ ಬೆಲೆಯುಳ್ಳ ಪದಾರ್ಥಕ್ಕೆ ಈ ಅಲ್ಪ ವೆಚ್ಚವನ್ನು ಉಳಿಸುವುದು ಜಾಣತನವಲ್ಲ.

ಮಾಲನ್ನು ಒಪ್ಪಿಸುವಾಗ ಅದರ ವಿವರವನ್ನೂ ಬೆಲೆಯನ್ನೂ ಬರೆದ ಪತ್ರವನ್ನು ಕೊಟ್ಟು, ಸಾಗಣೆದಾರನಿಂದ ಮೂಲ ರಸೀದಿಯನ್ನು ಪಡೆಯತಕ್ಕದ್ದು. ತೂಕಕ್ಕೂ ಮೂಟೆಗಳ ಎಣಿಕೆಗೂ ಆ ರಸೀದಿಯೇ ಮೊದಲ ಸಾಕ್ಷ್ಯ. ನಷ್ಟವಾದಲ್ಲಿ, ಮಾಲನ್ನು ಒಪ್ಪಿಸಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟೀಸನ್ನು ಕೊಡದಿದ್ದರೆ ದಾವೆಯು ನಿಲ್ಲುವುದಿಲ್ಲ. ನಷ್ಟವು ತಿಳಿದುಬಂದ ದಿನದಿಂದ ಲೆಕ್ಕವಿಡುವುದು ತಪ್ಪು. ನೆರೆಯವನ ವಾಹನವನ್ನು ಒಂದು ದಿನಕ್ಕೆ ಗೊತ್ತುಮಾಡಿಕೊಂಡಾಗ ಈ ಶಾಸನದ ರಕ್ಷಣೆಯು ದೊರೆಯದೆ ಇರಬಹುದಾದ್ದರಿಂದ, ಅಲ್ಲಿ ಕರಾರಿನ ಚೀಟಿಯು ಇನ್ನೂ ಅವಶ್ಯಕ.

ಹೆಚ್ಚು ಹೊರೆ ಮತ್ತು ಜನರ ಸಾಗಣೆ

ಮಿತಿಮೀರಿದ ಹೊರೆಯಿಂದ ಬಾಡಿಗೆಯು ಉಳಿಯುವುದೆಂಬ ಎಣಿಕೆಯೂ ಸರಿಯಲ್ಲ. 2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಶಾಸನವು ಇದಕ್ಕೆ 20,000 ರೂಪಾಯಿಯನ್ನೂ, ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿಯನ್ನೂ ದಂಡವಾಗಿ ವಿಧಿಸುತ್ತದೆ. ಹೆಚ್ಚಿನ ಮಾಲನ್ನು ಇಳಿಸುವ ವೆಚ್ಚವು ಬೇರೆ. ಕೃಷಿಗೆಂದು ವಿಮೆ ಮಾಡಿಸಿದ ಟ್ರಾಕ್ಟರನ್ನು ಬಾಡಿಗೆಗೆ ಓಡಿಸಿದರೆ, ಅಪಘಾತದ ಕಾಲದಲ್ಲಿ ವಿಮಾ ಕಂಪನಿಯು ಹೊಣೆಯನ್ನು ನಿರಾಕರಿಸಲು ಅದೇ ಕಾರಣವಾದೀತು.

ಪ್ರಾಣಕ್ಕೆ ಸಂಬಂಧಿಸಿದ ಮಾತು ಇದಕ್ಕಿಂತಲೂ ಗುರುತರವಾದುದು. ಸರಕಿನ ವಾಹನದಲ್ಲಿ ಮಾಲಿನ ಯಜಮಾನನಿಗೂ ಅವನ ಅಧಿಕೃತ ಪ್ರತಿನಿಧಿಗೂ ಕಡ್ಡಾಯ ವಿಮೆಯ ರಕ್ಷಣೆಯುಂಟು. ಸಂತೆಗೋ ಜಾತ್ರೆಗೋ ಹೋಗಲೆಂದು ಮೂಟೆಗಳ ಮೇಲೆ ಹತ್ತಿಕೊಂಡವರಿಗೆ ಅದು ಇಲ್ಲ. ಅಂಥವರು ಮಡಿದರೆ ಅವರ ಸಂಸಾರವು ವಿಮೆಯನ್ನು ನಂಬುವಂತಿಲ್ಲ.

ಆದಕಾರಣ ಗ್ರಾಮ ಮುಖಂಡರೂ ಹಿಡುವಳಿದಾರರೂ ಸುಗ್ಗಿಗೆ ಮುಂಚೆಯೇ ಈ ನಿಯಮಗಳನ್ನು ಊರಿನ ಚಾವಡಿಯಲ್ಲಿ ಓದಿ ತಿಳಿಸುವುದು ಉಚಿತ. ಓದುಬರಹವಿಲ್ಲದ ಸಣ್ಣ ರೈತನಿಗೆ ಪತ್ರವನ್ನು ಬರೆದುಕೊಟ್ಟು, ರಸೀದಿಯನ್ನು ಓದಿಹೇಳುವ ಒಬ್ಬನು ಪ್ರತಿ ಗ್ರಾಮದಲ್ಲಿಯೂ ಇರಲಿ. ಮೊದಲ ಮೂಟೆಯನ್ನು ವಾಹನಕ್ಕೆ ಏರಿಸುವುದಕ್ಕೆ ಮುಂಚೆ ಕಾಗದವು ಸಿದ್ಧವಾಗಿರಲಿ.