ಹೆಸರೊಂದೇ, ತಳಿ ಬೇರೆ

ಹಾಲು ಒಂದೇ ಆದರೂ ಹೆಪ್ಪು ಬೇರೆಯಾದರೆ ಮೊಸರು ಬೇರೆ. ಪಕ್ಕದ ಮನೆಯ ಮೊಸರು ಗಟ್ಟಿಯಾಗಿದೆಯೆಂದು ಒಂದು ಚಮಚ ಕೇಳಿ ತರುವ ಗೃಹಿಣಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೆಲ್ಜಿಯಂನ 'ಸೆಜೋನ್' ಬಿಯರಿಗೂ ಇದೇ ನಿಯಮ. ಅಲ್ಲಿ ಹೆಪ್ಪಿನ ಕೆಲಸ ಮಾಡುವುದು ಯೀಸ್ಟ್ ಎಂಬ ಏಕಕೋಶ ಶಿಲೀಂಧ್ರ.

ಫ್ರೆಂಚ್ ಭಾಷೆಯಲ್ಲಿ ಸೆಜೋನ್ ಎಂದರೆ ಋತು. ಬೆಲ್ಜಿಯಂನ ದಕ್ಷಿಣ ಭಾಗವಾದ ವಲೋನಿಯಾದ ರೈತರು ಚಳಿಗಾಲದಲ್ಲಿ ಈ ಬಿಯರ್ ತಯಾರಿಸಿಟ್ಟು, ಬೇಸಿಗೆಯಲ್ಲಿ ಹೊಲದ ಆಳುಗಳ ದಾಹ ತಣಿಸಲು ಕೊಡುತ್ತಿದ್ದರೆಂಬುದು ಪ್ರತೀತಿ. ಇಂದು ಪಶ್ಚಿಮದ ದೇಶಗಳಲ್ಲಿ ಇದನ್ನು ಮನೆಯಲ್ಲೇ ತಯಾರಿಸುವ ಹವ್ಯಾಸಿಗಳಿದ್ದಾರೆ. ಬ್ರಿಟನ್ 1963ರಲ್ಲಿ ಇದಕ್ಕಿದ್ದ ಲೈಸೆನ್ಸ್ ಕಟ್ಟಳೆಯನ್ನು ಕೈಬಿಟ್ಟಿತು. ಅಮೆರಿಕ 1978ರಲ್ಲಿ ಕಾನೂನು ಸಡಿಲಿಸಿತು. ನಮ್ಮಲ್ಲಿ ಅಬಕಾರಿ ಪರವಾನಗಿ ಇಲ್ಲದೆ ಹೀಗೆ ಮಾಡುವಂತಿಲ್ಲ. ಆದರೆ 'ಯಾವ ಯೀಸ್ಟ್ ಆರಿಸಲಿ?' ಎಂಬ ಆ ಹವ್ಯಾಸಿಗಳ ಪ್ರಶ್ನೆಯಲ್ಲಿ ವಿದ್ಯಾರ್ಥಿಗಳಿಗೆ ಜೀವಶಾಸ್ತ್ರದ ಒಳ್ಳೆಯ ಪಾಠವಿದೆ.

ಇಬ್ಬರು ಸೋದರರು

ಅಮೆರಿಕದ ವೈಯೀಸ್ಟ್ ಕಂಪನಿ ಮಾರುವ 3724 ಮತ್ತು 3711 ಸಂಖ್ಯೆಯ ಎರಡು ತಳಿಗಳನ್ನು ನೋಡಿ. ಎರಡೂ 'ಸ್ಯಾಕರೋಮೈಸಿಸ್ ಸೆರೆವಿಸಿಯೆ' ಪ್ರಭೇದಕ್ಕೆ ಸೇರಿದವು. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟ್ ಕೂಡ ಇದೇ ಪ್ರಭೇದದ್ದು. ಆದರೆ ಸ್ವಭಾವ ಬೇರೆ. ಬೆಲ್ಜಿಯಂ ಮೂಲದ 3724ಕ್ಕೆ ಸೆಖೆ ಇಷ್ಟ. 35 ಡಿಗ್ರಿ ಸೆಲ್ಸಿಯಸ್‌ವರೆಗೂ ಕೆಲಸ ಮಾಡುತ್ತದೆ. ಆದರೆ ಅರ್ಧದಲ್ಲೇ ಮುನಿಸಿಕೊಂಡಂತೆ ನಿಂತುಬಿಡುವ ಚಾಳಿ ಇದಕ್ಕುಂಟು. ಬೆಚ್ಚಗಿಟ್ಟು ಕಾದರೆ ಮತ್ತೆ ಹೊರಡುತ್ತದೆ. ಫ್ರೆಂಚ್ ತಳಿಯೆನಿಸಿದ 3711ಕ್ಕೆ 18ರಿಂದ 25 ಡಿಗ್ರಿ ಸಾಕು. ನಡುವೆ ನಿಲ್ಲದೆ ಕೆಲಸ ಮುಗಿಸುತ್ತದೆ. ಬೆಚ್ಚನೆಯ ಜಾಗ, ತಾಳ್ಮೆ ಎರಡೂ ಇದ್ದವರಿಗೆ ಮೊದಲನೆಯದು. ತಂಪು ಕೋಣೆಯವರಿಗೆ ಎರಡನೆಯದು.

ಒಂದು ವಂಶವಾಹಿಯ ಕೈವಾಡ

ಮೊಳೆಸಿದ ಬಾರ್ಲಿಯ ಸಿಹಿನೀರಿನಲ್ಲಿ ಸಣ್ಣ ಸಕ್ಕರೆಗಳ ಜೊತೆಗೆ ಡೆಕ್ಸ್‌ಟ್ರಿನ್ ಎಂಬ ದೊಡ್ಡ ಅಣುಗಳೂ ಇರುತ್ತವೆ. ಸಾಮಾನ್ಯ ಬಿಯರ್ ಯೀಸ್ಟಿಗೆ ಅವು ಜೀರ್ಣವಾಗವು. ಆದರೆ ಅನೇಕ ಸೆಜೋನ್ ತಳಿಗಳಲ್ಲಿ ಎಸ್‌ಟಿಎ1 ಎಂಬ ವಂಶವಾಹಿ ಇದೆ. ಅದರ ಆಣತಿಯಂತೆ ಸ್ರವಿಸುವ ಕಿಣ್ವ ಡೆಕ್ಸ್‌ಟ್ರಿನ್ನನ್ನು ಗ್ಲೂಕೋಸಾಗಿ ಒಡೆಯುತ್ತದೆ. ಯೀಸ್ಟಿಗೆ ಅದು ಹೊಸ ಊಟ. ಇಂಥ ತಳಿಗಳಿಗೆ 'ಡಯಾಸ್ಟಾಟಿಕಸ್' ಎಂದು ಹೆಸರು. ಸೆಜೋನಿನಲ್ಲಿ ಸಿಹಿ ಉಳಿಯದಿರುವುದಕ್ಕೆ ಇದೇ ಮುಖ್ಯ ಕಾರಣ.

ಅಪಾಯವೂ ಇಲ್ಲೇ ಇದೆ. ಬಿಯರ್ ಸಿದ್ಧವಾಯಿತೆಂದು ಬಾಟಲಿಗೆ ತುಂಬಿ ಮುಚ್ಚಳ ಹಾಕಿದ ಮೇಲೂ ಇಂಥ ಯೀಸ್ಟ್ ಮೆಲ್ಲನೆ ಉಣ್ಣುತ್ತಲೇ ಇರಬಹುದು. ಹೊರಬಿದ್ದ ಇಂಗಾಲದ ಡೈಆಕ್ಸೈಡಿಗೆ ದಾರಿಯಿಲ್ಲದೆ ಒತ್ತಡ ಹೆಚ್ಚಿ, ಗಾಜು ಸಿಡಿದು ಚೂರುಗಳು ಹಾರಬಹುದು. 2016ರಲ್ಲಿ ಅಮೆರಿಕದ ಕೊಲರಾಡೋದ ಬಿಯರ್ ಕಂಪನಿಯೊಂದು, ಬೇರೆಯೇ ಬಗೆಯ ಬಿಯರಿಗೆ ಈ ಯೀಸ್ಟ್ ಸೇರಿಕೊಂಡದ್ದರಿಂದ ತನ್ನ ಸರಕನ್ನು ಮಾರುಕಟ್ಟೆಯಿಂದ ವಾಪಸು ಪಡೆಯಬೇಕಾಯಿತು. ಆದ್ದರಿಂದಲೇ ಬಲ್ಲವರು ಮೊದಲು ಯೀಸ್ಟಿನ ಲೇಬಲ್ ಓದುತ್ತಾರೆ, ಹೈಡ್ರೋಮೀಟರಿನ ಅಂಕಿ ಹಲವು ದಿನ ಕದಲದೆ ನಿಂತ ಮೇಲಷ್ಟೇ ಬಾಟಲಿ ತುಂಬುತ್ತಾರೆ, ಪಾತ್ರೆ-ಕೊಳವೆಗಳನ್ನು ಚೊಕ್ಕಟವಾಗಿ ತೊಳೆಯುತ್ತಾರೆ.

ವಂಶವಾಹಿ ಇದ್ದ ಮಾತ್ರಕ್ಕೆ ಅದು ಕೆಲಸ ಮಾಡಿಯೇ ತೀರುತ್ತದೆಂದೂ ಅಲ್ಲ. ಎಸ್‌ಟಿಎ1ನ್ನು ಚಾಲೂ ಮಾಡುವ ಡಿಎನ್‌ಎ ತುಣುಕಿನ ಒಂದು ಭಾಗ ಕೆಲವು ತಳಿಗಳಲ್ಲಿ ಕಳೆದುಹೋಗಿದ್ದು, ಅವು ಡೆಕ್ಸ್‌ಟ್ರಿನ್ ಒಡೆಯುವುದರಲ್ಲಿ ದುರ್ಬಲ ಎಂದು 2019ರಲ್ಲಿ ಫಿನ್ಲೆಂಡಿನ ವಿಜ್ಞಾನಿಗಳು ತೋರಿಸಿಕೊಟ್ಟರು.

ಒಂದೇ ಕೋಶದಿಂದ

ತಳಿಯನ್ನು ಆರಿಸಬಹುದೆಂಬ ಕಲ್ಪನೆಗೆ ಡೆನ್ಮಾರ್ಕಿನ ವಿಜ್ಞಾನಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಗಟ್ಟಿ ತಳಹದಿ ಹಾಕಿದರು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿದ್ದ ಅವರು, ಬಿಯರ್ ಕೆಡಲು ಬ್ಯಾಕ್ಟೀರಿಯಾ ಮಾತ್ರವಲ್ಲ, ಬೆರೆತುಕೊಂಡ ಕಾಡು ಯೀಸ್ಟೂ ಕಾರಣವೆಂದು ಕಂಡುಕೊಂಡರು. ಒಂದೇ ಕೋಶವನ್ನು ಬೇರ್ಪಡಿಸಿ, ಅದರ ಸಂತತಿಯನ್ನಷ್ಟೇ ಬೆಳೆಸಿದರು. 1883ರಲ್ಲಿ ಆ ಶುದ್ಧ ಯೀಸ್ಟಿನಿಂದ ಕಾರ್ಲ್ಸ್‌ಬರ್ಗ್ ಬಿಯರ್ ತಯಾರಾಯಿತು. ಮಾಲೀಕ ಜೆ.ಸಿ. ಯಾಕೋಬ್ಸನ್ ಅದನ್ನು ಗುಟ್ಟಾಗಿಡದೆ ಇತರ ತಯಾರಕರಿಗೂ ಹಂಚಿದರು.

ಪರೀಕ್ಷೆಯಲ್ಲಿ ಪ್ರಭೇದದ ಹೆಸರು ಬರೆದರೆ ಅಂಕ ಸಿಗುತ್ತದೆ. ಪ್ರಯೋಗಾಲಯದಲ್ಲಿ, ಆಸ್ಪತ್ರೆಯಲ್ಲಿ ಅಷ್ಟು ಸಾಲದು. ಈ.ಕೋಲಿ ಬ್ಯಾಕ್ಟೀರಿಯಾದ ಹಲವು ತಳಿಗಳು ನಮ್ಮ ಕರುಳಿನಲ್ಲೇ ತೊಂದರೆ ಕೊಡದೆ ಬಾಳುತ್ತವೆ. ಅದರದೇ ಒ157 ತಳಿ ರಕ್ತಭೇದಿ ತರುತ್ತದೆ, ಮಕ್ಕಳ ಮೂತ್ರಪಿಂಡಕ್ಕೂ ಕುತ್ತಾಗಬಲ್ಲದು. ಕುಲದ ಹೆಸರು ತಿಳಿದ ಮೇಲೆ ತಳಿಯನ್ನೂ ವಿಚಾರಿಸುವುದೇ ಜಾಣತನ.